ಕೇರಂ ಫಲಿತಾಂಶವನ್ನೂ ಹಾಕಿ

ಸಂಪಾದಕರೇ,

ಬೆಳಿಗ್ಗೆ ಕಾಫಿ ಜೊತೆ ನಾನು ಮೊದಲು ತೆಗೆಯುವುದು ನಿಮ್ಮ ಕ್ರೀಡಾ ಪುಟವನ್ನೇ. 2024ರ ನವೆಂಬರ್‌ನಲ್ಲಿ ಐಪಿಎಲ್ ಹರಾಜು ನಡೆದು ರಿಷಭ್ ಪಂತ್ 27 ಕೋಟಿಗೆ ಹೋದಾಗ ಪುಟ ಪೂರ್ತಿ ಅದೇ ಇತ್ತು. ಇರಲಿ, ನಾನೂ ಓದಿದೆ. ಆದರೆ ಅದೇ ತಿಂಗಳು ಅಮೆರಿಕದಲ್ಲಿ ನಡೆದ ಕೇರಂ ವಿಶ್ವಕಪ್‌ನಲ್ಲಿ ಚೆನ್ನೈನ ಖಾಜಿಮಾ ಮೂರು ಚಿನ್ನ ಗೆದ್ದದ್ದು ನನಗೆ ಗೊತ್ತಾಗಿದ್ದು ಅಳಿಯನ ಮೊಬೈಲ್‌ನಿಂದ. ಸಿಂಗಲ್ಸ್, ಡಬಲ್ಸ್, ಟೀಮ್, ಮೂರರಲ್ಲೂ! ಆಟೊ ಓಡಿಸುವವರ ಮಗಳು. ತಮಿಳುನಾಡು ಸರ್ಕಾರ 1 ಕೋಟಿ ಬಹುಮಾನ ಕೊಟ್ಟಿತು.

ಚೆನ್ನೈಗೆ ಇದು ಹೊಸದಲ್ಲ. ಮರಿಯಾ ಇರುದಯಂ ಅಲ್ಲಿಯವರೇ. ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್, ಎರಡು ಸಲ ವಿಶ್ವ ಚಾಂಪಿಯನ್, 1996ರಲ್ಲಿ ಅರ್ಜುನ ಪ್ರಶಸ್ತಿ. ಆ ಪ್ರಶಸ್ತಿ ಪಡೆದ ಮೊದಲ ಕೇರಂ ಆಟಗಾರ. ನಮ್ಮ ಬೀದಿಯಲ್ಲಿ ಹತ್ತು ಜನರನ್ನು ಕೇಳಿದೆ, ಒಬ್ಬರಿಗೂ ಹೆಸರು ಗೊತ್ತಿಲ್ಲ. ಹತ್ತರಲ್ಲಿ ಎಂಟು ಜನರ ಮನೆಯಲ್ಲಿ ಕೇರಂ ಬೋರ್ಡ್ ಇದೆ, ಅದು ಬೇರೆ ಮಾತು.

ಒಂಬತ್ತು ಸಲ ಗೆಲ್ಲುವುದು ಎಂಥ ಕಷ್ಟ ಅಂತ ಆಡಿದವರಿಗೇ ಗೊತ್ತು. ಚೆಸ್‌ನಲ್ಲಿ ಎದುರಾಳಿ ಎಷ್ಟೇ ದೊಡ್ಡವನಿರಲಿ, ನಿಮ್ಮ ಸರದಿ ಬಂದೇ ಬರುತ್ತದೆ. ಕೇರಂನಲ್ಲಿ ಹಾಗಿಲ್ಲ. ಬ್ರೇಕ್ ಮಾಡಿದವನು, ಅಂದರೆ ಮೊದಲ ಹೊಡೆತ ಹೊಡೆದವನು, ಕೈ ಕೂಡಿದರೆ ಒಂಬತ್ತು ಬಿಳಿ ಕಾಯಿನ್, ಕ್ವೀನ್, ಎಲ್ಲವನ್ನೂ ಒಂದೇ ಸರದಿಯಲ್ಲಿ ಮುಗಿಸಿಬಿಡುತ್ತಾನೆ. ಅದಕ್ಕೆ ವೈಟ್ ಸ್ಲ್ಯಾಮ್ ಅಂತಾರೆ. ನೀವು ಸ್ಟ್ರೈಕರ್ ಮುಟ್ಟಿರುವುದೇ ಇಲ್ಲ, ಸುಮ್ನೆ ಕೈಕಟ್ಟಿ ನೋಡುತ್ತಾ ಕೂತಿರಬೇಕು, ಆಮೇಲೆ ತಣ್ಣಗಾದ ಬೆರಳಿನಲ್ಲಿ ಮುಂದಿನ ಬೋರ್ಡ್, ಅಂದರೆ ಮುಂದಿನ ಸುತ್ತು, ಬ್ರೇಕ್ ಮಾಡಿ ಅವನು ಮಾಡಿದ್ದನ್ನೇ ಮಾಡಬೇಕು. 25 ಪಾಯಿಂಟ್ ಆಗುವವರೆಗೆ, ಇಲ್ಲ ಎಂಟು ಬೋರ್ಡ್ ಮುಗಿಯುವವರೆಗೆ ಇದೇ ಪಾಡು. ಅಂದ ಹಾಗೆ, 22 ಪಾಯಿಂಟ್ ಮುಟ್ಟಿದವನಿಗೆ ಕ್ವೀನ್‌ನ ಮೂರು ಪಾಯಿಂಟ್ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಈ ನಿಯಮ ಹೇಳಿದ್ದಕ್ಕೆ ದೊಡ್ಡ ಜಗಳವೇ ಆಯಿತು.

ಪೌಡರ್ ಹಾಕಿಕೊಂಡು ಬೇಸಿಗೆ ರಜೆ ಕಳೆಯುವ ಆಟ ಅಂತ ನಾವೇ ಅಂದುಕೊಂಡಿದ್ದೇವೆ, ಪತ್ರಿಕೆಯವರನ್ನು ಮಾತ್ರ ಬೈದರೆ ತಪ್ಪಾಗುತ್ತೆ ಅಲ್ವಾ. ಆದರೂ ಕೇಳುತ್ತೇನೆ. ಮುಂದಿನ ಸಲ ರಾಷ್ಟ್ರೀಯ ಕೇರಂ ಫೈನಲ್ ನಡೆದಾಗ ಫೋಟೊ ಬೇಡ, ಗೆದ್ದವರು ಸೋತವರ ಹೆಸರು, ಸ್ಕೋರು, ಇಷ್ಟು ಹಾಕಿ. ನಾಲ್ಕು ಸಾಲು ಸಾಕು.

ನಿಮ್ಮ ಹಳೇ ಓದುಗ,
ದಾವಣಗೆರೆ