ಕೋರ್ಟ್ ಬಿಟ್ಟವರನ್ನು ಕೋಚ್ ಮಾಡಿ

ಮಾನ್ಯರೇ,

ಕೊಡಗಿನಲ್ಲಿ ಆಟ ಅಂದ್ರೆ ಹಾಕಿ. ಅದಕ್ಕೆ ನನ್ನ ತಕರಾರಿಲ್ಲ. ಕರಡ ಗ್ರಾಮದಲ್ಲಿ ಕೊಡವ ಹಾಕಿ ಉತ್ಸವ ಶುರುವಾಗಿದ್ದು 1997ರಲ್ಲಿ. ಅದೇ ವರ್ಷ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಫೈನಲ್ಸ್‌ನಲ್ಲಿ ಸ್ಟೀವ್ ಕೆರ್ ಎಂಬ ಆಟಗಾರ ಹೆಸರು ಮಾಡಿದರು. ಸ್ಕೋರ್ 86–86. ಎದುರಾಳಿಗಳು ಮೈಕಲ್ ಜೋರ್ಡಾನ್ ಅವರನ್ನು ಮುತ್ತಿದ್ದರು. ಜೋರ್ಡಾನ್ ಪಾಸ್ ಕೊಟ್ಟರು, ಕೆರ್ ಹಾರಿ ಬಾಸ್ಕೆಟ್ ಹಾಕಿದರು. ಇನ್ನು ಐದೇ ಸೆಕೆಂಡ್ ಬಾಕಿ! ಪ್ರಶಸ್ತಿ ಅವರಿಬ್ಬರ ತಂಡ ಶಿಕಾಗೊ ಬುಲ್ಸ್‌ಗೆ.

ಕೆರ್ ದೊಡ್ಡ ತಾರೆಯಲ್ಲ. ಹೆಚ್ಚಾಗಿ ಬೆಂಚಿನಿಂದ ಎದ್ದು ಬಂದು ಆಡಿದವರು. ಕೂತು ನೋಡಿದವರಿಗೆ ಆಟ ಜಾಸ್ತಿ ಕಾಣುತ್ತದೆ, ಅಲ್ವಾ? 2003ರಲ್ಲಿ ನಿವೃತ್ತಿ. 2014ರಲ್ಲಿ ಅದೇ ಲೀಗಿನ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡಕ್ಕೆ ಕೋಚ್ ಆದರು. ಮೊದಲ ಸೀಸನ್‌ನಲ್ಲೇ ಪ್ರಶಸ್ತಿ, ಆಮೇಲೆ ಇನ್ನೂ ಮೂರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡಕ್ಕೂ ಅವರೇ ಕೋಚ್.

ಇದೆಲ್ಲ ಯಾಕೆ ಹೇಳಿದೆ ಅಂದ್ರೆ, ವಿರಾಜಪೇಟೆ ಕಡೆಯ ಒಂದು ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಕೋರ್ಟ್ ಇದೆ. ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಜನವರಿ ಬಂದರೆ ಅದೇ ಕಾಫಿ ಕಣ! ರಿಂಗ್ ಒಂದು ಪಕ್ಕಕ್ಕೆ ವಾಲಿದೆ, ಬಲೆಯ ಎರಡು ಎಳೆ ಮಾತ್ರ ನೇತಾಡುತ್ತಿವೆ. ಹೇಳಿಕೊಡುವವರೂ ಇಲ್ಲ.

ಕಾಲೇಜು, ಸೇನೆ, ರೈಲ್ವೆ ತಂಡಗಳಲ್ಲಿ ಆಡಿ ಊರಿಗೆ ಮರಳಿದವರು ನಮ್ಮಲ್ಲೂ ಇದ್ದಾರೆ. ಸುಮ್ನೆ ತೋಟ ನೋಡಿಕೊಂಡಿದ್ದಾರೆ. ಆಸಕ್ತಿ ಇದ್ದವರನ್ನು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಗೆ ಕೋಚಿಂಗ್ ಕಲಿಯಲು ಕಳಿಸಿ. ಬಂದ ಮೇಲೆ ಶಾಲೆಗಳಲ್ಲಿ ಸಂಬಳದ ಕೆಲಸ ಕೊಡಿ. ಬರೀ ಗೌರವಧನ ಅಂದ್ರೆ ಯಾರೂ ಬರುವುದಿಲ್ಲ. ಕೋರ್ಟಿಗೊಂದು ಶೀಟಿನ ಮಾಡು ಹಾಕಿಸಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಮಕ್ಕಳು ಆಡಬಹುದು.

– ನಿವೃತ್ತ ದೈಹಿಕ ಶಿಕ್ಷಕ, ವಿರಾಜಪೇಟೆ