ಗಾಯಕ್ಕೊಂದು ಟಿಟಿ ಎಲ್ಲರಿಗೂ ಸಾಲದು

ಸಂಪಾದಕರಿಗೆ,

ತೋಟದಲ್ಲಿ ಮೊಳೆ ಚುಚ್ಚಲಿ, ದೋಣಿಯಲ್ಲಿ ತುಕ್ಕು ಹಿಡಿದ ಕೊಕ್ಕೆ ತಾಗಲಿ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನ ಆಸ್ಪತ್ರೆಗೆ ಬಂದು ‘ಒಂದು ಟಿಟಿ ಹಾಕಿ’ ಎನ್ನುತ್ತಾರೆ, ಧನುರ್ವಾಯು (ಟೆಟನಸ್) ತಡೆಯುವ ಆ ಲಸಿಕೆ ಹಾಕಿಸಿಕೊಂಡು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ. ಬಾಲ್ಯದಲ್ಲಿ ಲಸಿಕೆ ಪೂರ್ತಿಯಾದವರಿಗೆ ಆ ನಿಶ್ಚಿಂತೆ ಸರಿ. ಆದರೆ ದೇಶದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದದ್ದೇ 1985ರಲ್ಲಿ. ಅದಕ್ಕಿಂತ ಮೊದಲು ಹುಟ್ಟಿದ ಎಷ್ಟೋ ಮಂದಿಗೆ ಮೊದಲ ಮೂರು ಡೋಸಿನ ಮೂಲ ಲಸಿಕೆಯೇ ಆಗಿಲ್ಲ. ಹೆಂಗಸರಿಗೆ ಬಸಿರಿನಲ್ಲಾದರೂ ಕೊಟ್ಟಿರುತ್ತಾರೆ. ಗಂಡಸರನ್ನು ಕೇಳುವವರೇ ಇಲ್ಲ.

ಧನುರ್ವಾಯುವಿನ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣಿನಲ್ಲಿ, ಸಗಣಿಯಲ್ಲಿ, ಕೊಟ್ಟಿಗೆ ಗೊಬ್ಬರದಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಗಾಳಿಯಾಡದ ಆಳದ ಗಾಯ ಸಿಕ್ಕಿದರೆ ಮೊಳೆತು ವಿಷ ಬಿಡುತ್ತವೆ. ಆ ವಿಷ ನರದ ಗುಂಟ ಬೆನ್ನುಹುರಿಗೆ ಏರಿ, ಸ್ನಾಯುವನ್ನು ಸಡಿಲಗೊಳಿಸುವ ಸಂಕೇತವನ್ನೇ ತಡೆಯುತ್ತದೆ. ದವಡೆ ಕಚ್ಚಿಕೊಳ್ಳುತ್ತದೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಒಮ್ಮೆ ನರದೊಳಗೆ ಸೇರಿದ ವಿಷವನ್ನು ಯಾವ ಪ್ರತಿಕಾಯವೂ (ವಿಷವನ್ನು ಹಿಡಿದು ನಿಷ್ಕ್ರಿಯಗೊಳಿಸುವ ರಕ್ತದ ಪ್ರೋಟೀನ್) ಮುಟ್ಟಲಾರದು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಈ ರೋಗ ಬಂದು ಬದುಕಿ ಉಳಿದವರಿಗೂ ದೇಹದಲ್ಲಿ ರಕ್ಷಣೆ ಹುಟ್ಟುವುದಿಲ್ಲ. ಪ್ರಾಣ ತೆಗೆಯಲು ಸಾಕಾಗುವ ವಿಷ ಎಷ್ಟು ಅಲ್ಪವೆಂದರೆ, ರೋಗನಿರೋಧಕ ವ್ಯವಸ್ಥೆ ಅದನ್ನು ಗುರುತಿಸಿ ನೆನಪಿಟ್ಟುಕೊಳ್ಳಲು ಅದು ಸಾಲದು. ಒಬ್ಬರಿಂದೊಬ್ಬರಿಗೆ ಹರಡುವ ರೋಗವೂ ಇದಲ್ಲ. ಆದ್ದರಿಂದ ಊರವರೆಲ್ಲ ಲಸಿಕೆ ಹಾಕಿಸಿಕೊಂಡಿದ್ದರೂ ಹಾಕಿಸಿಕೊಳ್ಳದವನಿಗೆ ಅದರ ನೆರಳು ಸಿಗುವುದಿಲ್ಲ. ಕಷಾಯ, ಪುಡಿಗಳಿಂದಲೂ ಈ ರಕ್ಷಣೆ ಬರುವುದಿಲ್ಲ.

ಲಸಿಕೆಯಲ್ಲಿರುವುದು ಫಾರ್ಮಾಲ್ಡಿಹೈಡ್‌ನಿಂದ ನಿರುಪದ್ರವಿಯಾಗಿಸಿದ ಅದೇ ವಿಷ, ಅಲ್ಯೂಮಿನಿಯಂ ಲವಣಕ್ಕೆ ಅಂಟಿಸಿದ್ದು. ಅರ್ಧ ಮಿಲಿಲೀಟರನ್ನು ತೋಳಿನ ಸ್ನಾಯುವಿಗೆ ಕೊಡುತ್ತಾರೆ. ತೋಳು ಒಂದೆರಡು ದಿನ ನೋಯುವುದು ರಕ್ಷಕ ಕೋಶಗಳು ಅಲ್ಲಿಗೆ ಧಾವಿಸಿದ್ದರಿಂದ. ಅವು ಆ ವಸ್ತುವನ್ನು ಹಿಡಿದು ಕಂಕುಳಿನ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಒಯ್ಯುತ್ತವೆ. ಅಲ್ಲಿನ ಅಸಂಖ್ಯ ಬಿ ಕೋಶಗಳಲ್ಲಿ (ಪ್ರತಿಕಾಯ ತಯಾರಿಸಬಲ್ಲ ಬಿಳಿ ರಕ್ತಕಣಗಳು) ಅದಕ್ಕೆ ಸರಿಹೊಂದುವವು ಕೆಲವೇ ಕೆಲವು. ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ಟಿ ಕೋಶಗಳ ನೆರವಿನಿಂದ ಅವು ಮರಿಮಾಡಿ ಸಂಖ್ಯೆ ಹೆಚ್ಚಿಸಿಕೊಂಡು ಪ್ರತಿಕಾಯ ತಯಾರಿಸಲು ತೊಡಗುತ್ತವೆ. ಮೊದಲ ಸಲ ಇದಕ್ಕೆ ವಾರಗಳೇ ಹಿಡಿಯುತ್ತವೆ, ಹುಟ್ಟುವ ಪ್ರತಿಕಾಯವೂ ಕಡಿಮೆ. ರೋಗವಾದರೋ ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ಕಾಣಿಸಿಕೊಳ್ಳುತ್ತದೆ. ಗಾಯವಾದ ಮೇಲೆ ಜೀವನದಲ್ಲಿ ಮೊದಲ ಬಾರಿ ಹಾಕಿಸಿಕೊಂಡ ಟಿಟಿ ಆ ಗಾಯಕ್ಕೆ ಒದಗದಿರುವುದು ಹೀಗೆ.

ನಾಲ್ಕು ವಾರ ಬಿಟ್ಟು ಎರಡನೇ ಡೋಸ್ ಕೊಟ್ಟಾಗ ಪ್ರತಿಕಾಯ ರಕ್ಷಣೆಯ ಮಟ್ಟಕ್ಕೆ ಏರುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗಿನ ಮೂರನೆಯದು ಅದನ್ನು ಗಟ್ಟಿ ಮಾಡುತ್ತದೆ: ಪ್ರತಿಕಾಯ ತಯಾರಿಸುವ ಕೋಶಗಳು ಅಸ್ಥಿಮಜ್ಜೆಯಲ್ಲಿ ನೆಲೆಯೂರುತ್ತವೆ, ನೆನಪಿನ ಕೋಶಗಳು ಉಳಿಯುತ್ತವೆ. ಮುಂದೆ ಒಂದು ಡೋಸ್ ಬಿದ್ದರೆ ಸಾಕು, ವಾರದೊಳಗೆ ಪ್ರತಿಕಾಯ ಏರುತ್ತದೆ. ಹೀಗೆ ಮೂರೂ ಆದವರಿಗೆ 10 ವರ್ಷಕ್ಕೊಮ್ಮೆ ಒಂದು ಸಾಕು. ಮಣ್ಣು ಸಗಣಿ ಮೆತ್ತಿದ ಆಳದ ಗಾಯವಾದರೆ, ಹಿಂದಿನದಾಗಿ 5 ವರ್ಷ ಕಳೆದಿದ್ದರೆ ಹಾಕಿಸಿಕೊಳ್ಳಬೇಕು. ಪ್ರತಿ ಗಾಯಕ್ಕೂ ಚುಚ್ಚಿಸಿಕೊಳ್ಳುವವರಿಗೆ ತೋಳು ಬಾತುಕೊಳ್ಳುವುದೇ ಹೊರತು ಹೆಚ್ಚಿನ ಲಾಭವಿಲ್ಲ. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಟಿಟಿ ಬದಲು ಕೊಡುವ ಟಿಡಿಯಲ್ಲಿ ಗಂಟಲಮಾರಿಯ ಲಸಿಕೆಯೂ ಸೇರಿದೆ.

ಮೂಲ ಲಸಿಕೆ ಆಗಿಲ್ಲದವರಿಗೆ, ಆಗಿದೆಯೋ ಇಲ್ಲವೋ ಗೊತ್ತಿಲ್ಲದವರಿಗೆ ಕೊಳೆ ಗಾಯವಾದರೆ ಲಸಿಕೆಯ ಜತೆ ಸಿದ್ಧ ಪ್ರತಿಕಾಯವನ್ನೂ, ಅಂದರೆ ಟೆಟನಸ್ ಇಮ್ಯುನೊಗ್ಲೋಬ್ಯುಲಿನ್, ಕೊಡಬೇಕು. 250 ಯೂನಿಟ್, ಗಾಯವಾಗಿ 24 ಗಂಟೆ ಮೀರಿದ್ದರೆ 500. ಬೇರೆ ಸಿರಿಂಜಿನಲ್ಲಿ, ಬೇರೆ ಕೈಗೋ ತೊಡೆಗೋ. ನರಕ್ಕೆ ಏರುವ ಮುನ್ನವೇ ವಿಷವನ್ನು ಹಿಡಿಯುವುದು ಇದರ ಕೆಲಸ. ಕೆಲವು ವಾರಗಳಲ್ಲಿ ಕರಗಿ ಹೋಗುತ್ತದೆ, ದೇಹಕ್ಕೆ ಏನನ್ನೂ ಕಲಿಸುವುದಿಲ್ಲ. ಅದಕ್ಕೇ ಎರಡನೇ, ಮೂರನೇ ಡೋಸ್ ಬಿಡುವಂತಿಲ್ಲ.

ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಅಘನಾಶಿನಿ ನದಿಯ ಕೆಸರಿನಲ್ಲಿ ಬಳಚು (ಚಿಪ್ಪುಮೀನು) ಆರಿಸುವಾಗ ಕಾಲು ಕೊಯ್ದರೆ ಚಿಪ್ಪಿನ ಚೂರು, ಬೇಲಿ ಕಟ್ಟುವಾಗ ಚುಚ್ಚಿದರೆ ಮುಳ್ಳಿನ ತುದಿ ಒಳಗೇ ಉಳಿದಿರುತ್ತದೆ. ಅದನ್ನು ವೈದ್ಯರೇ ತೆಗೆಯಬೇಕು. ಕಾಫಿ ಪುಡಿ, ಸುಣ್ಣ, ಸಗಣಿ ಮೆತ್ತುವುದು ಬೇಡವೇ ಬೇಡ. ಸಗಣಿಯಲ್ಲಿ ಬೀಜಕಗಳೇ ಇರುತ್ತವೆ. ಉಳಿದವು ಗಾಯವನ್ನು ಮುಚ್ಚಿ ಗಾಳಿ ತಪ್ಪಿಸುತ್ತವೆ.

ಗಾಯವಾಗುವುದಕ್ಕೆ ಮೊದಲೇ ಮೂರು ಡೋಸ್ ಮುಗಿಸುವುದು ಕಷ್ಟವಲ್ಲ. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಕಾರವಾರ, ತದಡಿ, ಹೊನ್ನಾವರ, ಭಟ್ಕಳದ ದೋಣಿಗಳು ದಡದಲ್ಲೇ ಇರುತ್ತವೆ. ಜೂನ್ ಮೊದಲ ವಾರದಲ್ಲಿ ಒಂದು, ಜುಲೈ ಮೊದಲ ವಾರದಲ್ಲಿ ಇನ್ನೊಂದು ಕೊಟ್ಟರೆ ಮತ್ತೆ ಸಮುದ್ರಕ್ಕೆ ಇಳಿಯುವ ಹೊತ್ತಿಗೆ ರಕ್ಷಣೆ ಬಂದಿರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆಯ ಕೊನೆ (ಗೊನೆ) ಕೊಯ್ಲು ಶುರುವಾಗುವ ಮೊದಲು, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಕೊನೆ ಕೊಯ್ಯುವವರಿಗೂ ತೋಟಕ್ಕೆ ಗೊಬ್ಬರ ಹೊರುವವರಿಗೂ ಕೊಡಬಹುದು. ಮೀನುಗಾರರ ಸಹಕಾರ ಸಂಘಗಳು, ಅಡಿಕೆ ಬೆಳೆಗಾರರ ಸೊಸೈಟಿಗಳು ಪ್ರಾಥಮಿಕ ಆರೋಗ್ಯ ಕೇಂದ್ರದವರೊಂದಿಗೆ ಮಾತಾಡಿ ಶಿಬಿರದ ದಿನ ಗೊತ್ತು ಮಾಡಲಿ. ಮಕ್ಕಳಿಗೆ ಕೊಡುವಂತೆ ದೊಡ್ಡವರಿಗೂ ದಿನಾಂಕ ಬರೆದ ಒಂದು ಕಾರ್ಡ್ ಕೊಡಲಿ. ಆರು ತಿಂಗಳ ನಂತರದ ಮೂರನೇ ಡೋಸನ್ನೇ ಜನ ಹೆಚ್ಚಾಗಿ ಮರೆಯುತ್ತಾರೆ. ಅದರ ದಿನಾಂಕವನ್ನು ಮೊದಲ ದಿನವೇ ಆ ಕಾರ್ಡಿನಲ್ಲಿ ಬರೆದುಕೊಡಬೇಕು.

– ಒಬ್ಬ ವೈದ್ಯ, ಶಿರಸಿ