ಆಪರೇಷನ್ ಆದ್ಮೇಲೆ ಮೊದಲ್ನೇ ಕುಚ್ಚು, ಎಲ್ರಿಗೂ ಥ್ಯಾಂಕ್ಸ್

ನಿನ್ನೆ ಒಂದು ರೇಷ್ಮೆ ಸೀರೆಗೆ ಕುಚ್ಚು ಕಟ್ಟಿ ಮುಗಿಸ್ದೆ. ಮಣಿಕಟ್ಟಲ್ಲಿ ನರ ಅದುಮಿ ಹೋಗಿದ್ದಕ್ಕೆ ಬಲಗೈ ಆಪರೇಷನ್ ಆಗಿ ಮೂರು ತಿಂಗಳು ಹತ್ತು ದಿನ, ಅದಾದ್ಮೇಲೆ ನಾನೊಬ್ಳೇ ಪೂರ್ತಿ ಮಾಡಿದ ಮೊದಲ್ನೇ ಸೀರೆ ಇದು, ಅದಕ್ಕೇ ಬರೀಲೇಬೇಕು ಅನ್ಸ್ತು.

ಶುರುವಾಗಿದ್ದು ಹೋದ ವರ್ಷ ಮದುವೆ ಸೀಸನ್ನಲ್ಲಿ. ರಾತ್ರಿ ಎರಡು ಗಂಟೆಗೆ ಎಚ್ಚರ ಆಗೋದು, ಬೆರಳೆಲ್ಲ ಜೋಮು ಹಿಡ್ದು ಉರಿ, ಎದ್ದು ಕೂತು ಕೈ ಒದರಿದ್ರೆ ಸ್ವಲ್ಪ ಹೊತ್ತಿಗೆ ಸರಿಹೋಗೋದು. ಆಮೇಲೆ ಗಾಡಿ ಹ್ಯಾಂಡಲ್ ಹಿಡಿದ್ರೂ, ಫೋನ್ ಕಿವಿಗಿಟ್ಕೊಂಡ್ರೂ ಅದೇ, ಕೊನೆಕೊನೆಗೆ ಸೂಜಿ ಬೆರಳಲ್ಲಿ ಇದ್ಯೋ ಬಿತ್ತೋ ಗೊತ್ತಾಗ್ತಿರ್ಲಿಲ್ಲ. ವಾಯು ಅಂದ್ರು, ನಿಶ್ಶಕ್ತಿ ಅಂದ್ರು, ಒಂದು ಕ್ಲಿನಿಕ್ಕಲ್ಲಿ ಕತ್ತಿನ ಮೂಳೆ ಸವೆದಿದೆ ಅಂತ ಕಾಲರ್ ಹಾಕಿಸಿದ್ರು, ಐದು ತಿಂಗಳು ಅದ್ರಲ್ಲೇ ಹೋಯ್ತು.

ಮೊದಲ್ನೇ ಥ್ಯಾಂಕ್ಸ್ ಫಿಸಿಯೋಥೆರಪಿ ಮೇಡಂಗೆ. ಕತ್ತಿಗೆ ಅಂತ ಹೋದವಳನ್ನ "ಅಕ್ಕ, ಕಿರುಬೆರಳೂ ಜೋಮು ಹಿಡಿಯುತ್ತಾ?" ಅಂತ ಕೇಳಿದ್ದು ಅವ್ರೊಬ್ರೇ. ನೋಡ್ಕೊಂಡ್ರೆ ಅದೊಂದು ಬೆರಳು ಚೆನ್ನಾಗೇ ಇತ್ತು! ಮಣಿಕಟ್ಟು ಬಗ್ಗಿಸಿ ಎರಡೂ ಕೈ ಹಿಂಭಾಗ ಒಂದಕ್ಕೊಂದು ಒತ್ತಿ ಒಂದು ನಿಮಿಷ ಹಿಡೀರಿ ಅಂದ್ರು, ಅರ್ಧ ನಿಮಿಷಕ್ಕೇ ಜೋಮು ಬಂತು. ಮಣಿಕಟ್ಟಲ್ಲಿ ಮೂಳೆಗಳ ಮೇಲೆ ಒಂದು ಗಟ್ಟಿ ಪಟ್ಟಿ ಇರುತ್ತಂತೆ, ಅದರ ಕೆಳಗಿನ ಇಕ್ಕಟ್ಟು ದಾರೀಲೇ ಬೆರಳು ಮಡಚೋ 9 ಟೆಂಡನ್ನೂ (ಮಾಂಸಖಂಡನ ಮೂಳೆಗೆ ಸೇರಿಸೋ ಹುರಿಗಳು) ಮೀಡಿಯನ್ ಅನ್ನೋ ನರಾನೂ ಹೋಗ್ಬೇಕು, ಒಳಗೆ ಊತ ಬಂದ್ರೆ ನರ ಅದುಮಿ ಹೋಗುತ್ತೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಲ್ಲಿ ಅರ್ಧ ಆ ನರದ್ದು, ಕಿರುಬೆರಳಿಗೆ ಬೇರೆ ನರ. ಈ ತೊಂದರೆಗೆ ಕಾರ್ಪಲ್ ಟನಲ್ ಅಂತಾರಂತೆ, ಆ ಹೆಸ್ರು ನಾನು ಕೇಳಿದ್ದೇ ಅವತ್ತು.

ನ್ಯೂರೋ ಡಾಕ್ಟರಿಗೂ ಕೈ ಮುಗೀತೀನಿ. ಸಣ್ಣ ಕರೆಂಟ್ ಕೊಟ್ಟು ನರದ ಟೆಸ್ಟ್ ಮಾಡಿಸಿದ್ರು, ಜೊತೆಗೆ ಶುಗರ್ ಥೈರಾಯ್ಡ್ ಎರಡೂ ನೋಡಿಸಿದ್ರು, ಥೈರಾಯ್ಡ್ ಕಮ್ಮಿ ಇರೋದು ಗೊತ್ತಾಗಿದ್ದೇ ಆಗ, ಅದ್ರಿಂದ್ಲೂ ಹಿಂಗಾಗುತ್ತಂತೆ. ಬೇಗ ಬಂದಿದ್ರೆ ರಾತ್ರಿ ಮಣಿಕಟ್ಟು ಬಗ್ಗದ ಹಾಗೆ ಹಿಡಿಯೋ ಸ್ಪ್ಲಿಂಟ್ ಹಾಕೇ ನೋಡಬಹುದಿತ್ತು, ಹೆಬ್ಬೆರಳ ಬುಡದ ಮಾಂಸ ಕರಗೋಕೆ ಶುರುವಾಗಿದೆ, ಇನ್ನು ಕಾಯೋದು ಬೇಡ ಅಂದ್ರು. ಕೈಗೆ ಮಾತ್ರ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಮಣಿಕಟ್ಟಿನ ಆ ಗಟ್ಟಿ ಪಟ್ಟಿ ಕತ್ತರಿಸಿದ್ರು, ಸಂಜೆಗೇ ಮನೇಲಿದ್ದೆ. ಆ ವಾರದಿಂದ್ಲೇ ರಾತ್ರಿ ನಿದ್ದೆ ಬಂತು, ಅಂಗೈ ಊರಿದ್ರೆ ಇನ್ನೂ ನೋವಿದೆ.

ನಾದಿನಿ, ನೀನು ನನ್ನ ಆರ್ಡರ್ ಎಲ್ಲ ನಿನ್ನ ಕೈಯಲ್ಲಿ ಮುಗಿಸಿ ದುಡ್ಡು ಪೂರ್ತಿ ತಂದು ನನ್ನ ಡಬ್ಬಿಗೆ ಹಾಕಿದ್ಯಲ್ಲ, ಅದನ್ನ ನಾನು ಮರೆಯಲ್ಲ ಕಣೆ. ಮಗಳಿಗೆ ಜಡೆ ಹಾಕೋದು ಕಲ್ತ ನಮ್ಮೆಜಮಾನ್ರಿಗೆ, ಸೀರೆ ವಾಪಸ್ ಕೇಳ್ದೇ ಕಾದ ಎಲ್ಲ ಅಕ್ಕಂದಿರಿಗೂ ತುಂಬಾ ತುಂಬಾ ಥ್ಯಾಂಕ್ಸ್.

ಎಡಗೈಲೂ ಸ್ವಲ್ಪ ಜೋಮು ಶುರುವಾಗಿದೆ. ಈ ಸಲ ಎರಡನೇ ವಾರಕ್ಕೇ ಹೋಗಿ ತೋರಿಸ್ದೆ, ರಾತ್ರಿ ಸ್ಪ್ಲಿಂಟ್ ಹಾಕ್ಕೊಂಡೇ ಮಲಗ್ತಿದೀನಿ.